‘ಸ್ಟೋರಿ ಆಫ್ ಓ’: ಒಂದೇ ಸಾಕಾ, ಎರಡನೆಯದೂ ಬೇಕಾ?

ದಾವಣಗೆರೆಯ ಗೆಳೆಯರೊಬ್ಬರ ಪ್ರಶ್ನೆ ಇದು. ಮೊದಲ ಪುಸ್ತಕ ಹಿಡಿಸಿದೆ, ಮುಂದುವರಿದ ಭಾಗ ತರಿಸಲೋ ಬೇಡವೋ?

ಮೊದಲು ಕಥೆ ನೋಡೋಣ. 1954ರ ಈ ಫ್ರೆಂಚ್ ಕಾಮಪ್ರಧಾನ ಕಾದಂಬರಿಯ ಬಲ ಅದರ ತಣ್ಣನೆಯ, ಬಿಗಿಯಾದ ಬರವಣಿಗೆ. ನಾಯಕಿ ಓ ಯಾಕೆ ಹೀಗೆ ಪ್ರಿಯಕರನಿಗೂ ಅವನ ಕಡೆಯ ಗಂಡಸರಿಗೂ ಗುಲಾಮಳಂತೆ ತನ್ನನ್ನು ಒಪ್ಪಿಸಿಕೊಳ್ಳುತ್ತಾಳೆ ಅನ್ನೋದಕ್ಕೆ ಉತ್ತರವೇ ಇಲ್ಲ. ಆ ಕಾಟವೇ ಓದಿಸಿಕೊಂಡು ಹೋಗುತ್ತದೆ. (ಕ್ರೌರ್ಯ ಸಾಕಷ್ಟಿದೆ, ಮೃದು ಪ್ರೇಮಕಥೆ ಬೇಕಾದವರಿಗೆ ಎರಡೂ ಬೇಡ.) 1969ರ ‘ರಿಟರ್ನ್ ಟು ದ ಶ್ಯಾಟೊ’ದಲ್ಲಿ ಓಳನ್ನು ಮೊದಲು ಪಳಗಿಸಿದ ಅದೇ ರುವಾಸಿಯ ಬಂಗಲೆ ದುಡ್ಡಿನ ವ್ಯವಹಾರದ ಜಾಗ ಆಗಿಬಿಡುತ್ತದೆ. ನಿಗೂಢತೆ ಸೋರಿಹೋಗುತ್ತದೆ. ಓದುಗರು ಬೇಸರಪಟ್ಟುಕೊಳ್ಳುವುದು ಇಲ್ಲೇ.

ಮುಕ್ತಾಯದ ಕಥೆ ಇನ್ನೂ ತಮಾಷೆ. ಓ ರುವಾಸಿಗೆ ಮರಳುತ್ತಾಳೆ, ಅವಳ ಒಡೆಯನಾಗಿದ್ದ ಸರ್ ಸ್ಟೀಫನ್ ಅವಳನ್ನು ಬಿಟ್ಟುಹೋಗುತ್ತಾನೆ ಅಂತ ಮೊದಲ ಪುಸ್ತಕದ ಕೊನೆಯಲ್ಲೇ ಹೇಳಿಬಿಟ್ಟಿದ್ದಾರೆ. ಹಾಗಾದರೆ ಹೊಸದೇನು ಉಳೀತು, ಅಲ್ವಾ?

ಆದರೆ ಎರಡನೆಯದರ ಜೊತೆ ಲೇಖಕಿಯ ಒಂದು ಮುನ್ನುಡಿ ಇದೆ. ಪ್ರಿಯಕರನಿಗಾಗಿ ರಾತ್ರಿ ಹೊತ್ತು ಈ ಕಥೆ ಹೇಗೆ ಬರೆದೆ ಅಂತ ಹೇಳುವ ಬರಹ. ನನಗಂತೂ ಕಾದಂಬರಿಗಿಂತ ಅದೇ ಇಷ್ಟ. ಪೋಲಿನ್ ರೆಯಾಜ್ ಅನ್ನೋ ಗುಪ್ತನಾಮದ ಹಿಂದಿದ್ದ ಆನ್ ದೆಕ್ಲೋ, ಲೇಖಕಿ ತಾನೇ ಅಂತ ಬಹಿರಂಗವಾಗಿ ಒಪ್ಪಿಕೊಂಡಿದ್ದು 1994ರಲ್ಲಿ.

ಗಾತ್ರದಲ್ಲಿ ಎರಡನೆಯದು ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ.

ಓಳ ಮೋಡಿ ಹಾಗೇ ಉಳಿಯಲಿ ಅನ್ನುವವರು ಮೊದಲನೆಯದಕ್ಕೇ ನಿಲ್ಲಿಸಿ. ಪುಸ್ತಕ ಹುಟ್ಟಿದ ಬಗೆಯಲ್ಲಿ ಕುತೂಹಲ ಇದ್ದರೆ ಎರಡನೆಯದನ್ನು ಮುನ್ನುಡಿಗಾಗಿ ತರಿಸಿ. ಹೊಸ ಪ್ರತಿಗೆ ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ, ಹಳೇ ಪ್ರತಿ ಸಿಕ್ಕರೆ ಸಾಕು.