ಹಿನ್ನೆಲೆ ಮಸುಕಿಗೆ ಯಾವ ಲೆನ್ಸ್: 18–55, 55–250, ಇಲ್ಲವೇ 50 ಎಂಎಂ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಕ್ಯಾಮೆರಾದ ಮೇಲೆ ಕೊನೆಗೆ ಉಳಿದದ್ದು 50 ಎಂಎಂ ಎಫ್/1.8. ಕಿಟ್ ಜೊತೆ ಬಂದ 18–55, ಆಮೇಲಿನ 55–250, ಈ 50, ಮೂರನ್ನೂ ಒಂದೇ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಬಾಡಿಗೆ ಹಾಕಿ, ಮುಖ ಒಂದೇ ಗಾತ್ರದಲ್ಲಿ ಬರುವಂತೆ ನಿಂತು ತೆಗೆದು ನೋಡಿದ ಮೇಲೆ ಬರೆಯುತ್ತಿದ್ದೇನೆ. ಬಯಲಿನಲ್ಲಿ, ಹಿನ್ನೆಲೆ ದೂರವಿದ್ದಾಗ 55–250 ಗೆಲ್ಲುತ್ತದೆ. ಅದನ್ನು ಒಪ್ಪಿಕೊಂಡೇ 50ರ ಪರವಾಗಿ ನಿಲ್ಲುತ್ತೇನೆ.

ಎಫ್ ಸಂಖ್ಯೆ (ಎಫ್/1.8ರಲ್ಲಿನ 1.8) ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಫೋಕಲ್ ಲೆಂತನ್ನು (50 ಎಂಎಂ ಎಂಬಲ್ಲಿನ 50) ಎಫ್ ಸಂಖ್ಯೆಯಿಂದ ಭಾಗಿಸಿ, ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 18 ಎಂಎಂ ಎಫ್/3.5ಕ್ಕೆ 5 ಮಿ.ಮೀ., 55 ಎಂಎಂ ಎಫ್/5.6ಕ್ಕೆ 10, 50 ಎಂಎಂ ಎಫ್/1.8ಕ್ಕೆ 28, 250 ಎಂಎಂ ಎಫ್/5.6ಕ್ಕೆ 45. ಬಹುದೂರದ ದೀಪವೊಂದು ಚಿತ್ರದಲ್ಲಿ ಎಷ್ಟು ದೊಡ್ಡ ಬಿಲ್ಲೆಯಾಗಿ ಹರಡುತ್ತದೆ ಎಂಬುದು, ಫೋಕಸ್ ಆದ ಮುಖದ ಅಳತೆಯಲ್ಲಿ, ಇದೇ ವ್ಯಾಸ. ಕಿಟ್ ಲೆನ್ಸಿನ 55ರಲ್ಲಿ ಬಿಲ್ಲೆ ಕಣ್ಣಿನ ಕರಿಗುಡ್ಡೆಯಷ್ಟು, 50ರಲ್ಲಿ ಇಡೀ ಕಣ್ಣಿನಷ್ಟು. ‘3.5 ಚಿಕ್ಕ ಸಂಖ್ಯೆಯಲ್ಲವೇ’ ಎಂದು ಕಿಟ್ ಲೆನ್ಸನ್ನು 18ಕ್ಕೆ ತಿರುಗಿಸಿ ಮಸುಕು ಹುಡುಕುವವರಿಗೆ ಯಾಕೆ ಸಿಗುವುದಿಲ್ಲ ಎಂಬುದೂ ಇಲ್ಲೇ ಇದೆ.

ಹಾಗಾದರೆ 250ರ 45 ಮಿ.ಮೀ. ಮುಂದೆ 28 ಯಾಕೆ? ಅದೇ ಚೌಕಟ್ಟಿಗೆ 50ರಲ್ಲಿ 1 ಮೀಟರ್ ದೂರ ಸಾಕು, 250ರಲ್ಲಿ 5 ಮೀಟರ್ ಹಿಂದೆ ಹೋಗಬೇಕು. ಮುಖದ ಹಿಂದೆ 2 ಮೀಟರಿನಲ್ಲಿ ಗೋಡೆಯಿದ್ದರೆ ಬಿಲ್ಲೆ 50ರಲ್ಲಿ ಸುಮಾರು 18 ಮಿ.ಮೀ., 250ರಲ್ಲಿ 13, ಕಿಟ್ ಲೆನ್ಸಿನಲ್ಲಿ 6. ಹಿನ್ನೆಲೆ ಆರು ಮೀಟರಿನಷ್ಟು ಹಿಂದೆ ಸರಿದ ಮೇಲೆ 250 ಮುಂದಾಗುತ್ತದೆ. ಕೋಣೆಯೊಳಗೆ ಆ ಜಾಗವೆಲ್ಲಿ? ಮೇಲಾಗಿ 250ರಲ್ಲಿ ಕೈಯಲ್ಲಿ ಹಿಡಿದು ತೆಗೆಯಲು, ಸ್ಟೆಬಿಲೈಸೇಶನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಇಲ್ಲದಿದ್ದರೆ, 1/400 ಸೆಕೆಂಡಿನ ಶಟರ್ ಬೇಕು. ಸಂಜೆ ಬೆಳಕಿನಲ್ಲಿ ಎಫ್/5.6 ಇಟ್ಟುಕೊಂಡು ಆ ವೇಗಕ್ಕೆ ಹೋದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆಯ ಅಳತೆ) ಏರಿ ಚಿತ್ರ ಕಾಳುಕಾಳಾಗುತ್ತದೆ.

ಇನ್ನು 50ರ ಕಾಟ. ಇದನ್ನು ಕೊಂಡ ಹೊಸತರಲ್ಲಿ ಹೆಚ್ಚಿನವರು ‘ಲೆನ್ಸ್ ಸಾಫ್ಟ್’ ಎಂದು ದೂರುತ್ತಾರೆ. ಸಾಮಾನ್ಯವಾಗಿ ತಪ್ಪಿರುವುದು ಫೋಕಸ್. 1 ಮೀಟರಿನಲ್ಲಿ ಎಫ್/1.8 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಹೆಚ್ಚೆಂದರೆ 3 ಸೆಂ.ಮೀ., ಅಂದರೆ ಮುಂದೆ ಒಂದೂವರೆ, ಹಿಂದೆ ಒಂದೂವರೆ. ನಡುವಿನ ಫೋಕಸ್ ಪಾಯಿಂಟಿನಿಂದ ಕಣ್ಣಿಗೆ ಫೋಕಸ್ ಲಾಕ್ ಮಾಡಿ, ಚೌಕಟ್ಟು ಸರಿಪಡಿಸಲು ಕ್ಯಾಮೆರಾವನ್ನು 10 ಡಿಗ್ರಿ ತಿರುಗಿಸಿದರೆ ಫೋಕಸ್ ಆಗುವ ಸಮತಲ ಕಣ್ಣಿಗಿಂತ ಒಂದೂವರೆ ಸೆಂ.ಮೀ. ಹಿಂದಕ್ಕೆ ಜಾರುತ್ತದೆ. ಇದ್ದ ಆಳ ಅಲ್ಲಿಗೇ ಮುಗಿಯಿತು. ತೆಗೆಯುವವರು ಉಸಿರಾಡುವಾಗ ಅಷ್ಟೇ ತೂಗಿದರೆ ಕಣ್ಣು ಮಸುಕು.

ಮುಖ 45 ಡಿಗ್ರಿ ತಿರುಗಿದ್ದರೆ ಎರಡು ಕಣ್ಣುಗಳ ನಡುವೆ ಆಳದಲ್ಲಿ ನಾಲ್ಕು ಸೆಂ.ಮೀ.ಗೂ ಹೆಚ್ಚಿನ ಅಂತರವಿರುತ್ತದೆ. ಎಫ್/1.8ರಲ್ಲಿ ಎರಡೂ ಸಿಗುವುದಿಲ್ಲ, ಹತ್ತಿರದ ಕಣ್ಣನ್ನೇ ಹಿಡಿಯಬೇಕು. ಎರಡೂ ಬೇಕಿದ್ದರೆ ಒಂದೂವರೆ ಮೀಟರಿಗೆ ಸರಿದು ಎಫ್/2.8 ಇಡಿ, ಆಳ 10 ಸೆಂ.ಮೀ. ಹತ್ತಿರ ಬರುತ್ತದೆ.

ನಾನು ನೆಚ್ಚಿಕೊಂಡ ಕ್ರಮ ಹೀಗೆ: ಅಪರ್ಚರ್ ಪ್ರಯಾರಿಟಿ (ಎಫ್ ಸಂಖ್ಯೆ ನಾವಿಟ್ಟು, ಶಟರ್ ವೇಗವನ್ನು ಕ್ಯಾಮೆರಾಕ್ಕೆ ಬಿಡುವ ಮೋಡ್), ಎಫ್/2.2ರಿಂದ 2.8, ಫೋಕಸ್ ಪಾಯಿಂಟ್ ಒಂದೇ, ಅದನ್ನೇ ಹತ್ತಿರದ ಕಣ್ಣಿನ ಮೇಲೆ ಸರಿಸುವುದು. ಲಾಕ್ ಮಾಡಿ ತಿರುಗಿಸುವುದು ಬೇಡ. ನಿಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೋ (ಎರಡೂ ಫೋಕಸ್ ಅನ್ನು ಬಿಡದೆ ಸರಿಪಡಿಸುತ್ತಿರುವ ಮೋಡ್) ಇಟ್ಟು ಒಂದೇ ಸಲಕ್ಕೆ ಮೂರ್ನಾಲ್ಕು ಫ್ರೇಮ್ ಹೊಡೆದರೆ ಒಂದಾದರೂ ನಿಲ್ಲುತ್ತದೆ. ಇಷ್ಟಾದ ಮೇಲೂ ಪ್ರತಿ ಸಲ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ, ಟ್ರೈಪಾಡ್ ಇಟ್ಟು ಅಡಿಪಟ್ಟಿಯೊಂದನ್ನು 45 ಡಿಗ್ರಿ ಓರೆಯಾಗಿಸಿ, ವ್ಯೂಫೈಂಡರ್‌ನಲ್ಲೊಮ್ಮೆ ಲೈವ್ ವ್ಯೂನಲ್ಲೊಮ್ಮೆ (ಹಿಂದಿನ ಪರದೆ ನೋಡಿಕೊಂಡು) ಅದರ ಒಂದೇ ಗೆರೆಗೆ ಫೋಕಸ್ ಮಾಡಿ ತೆಗೆದು ನೋಡಿ. ಲೈವ್ ವ್ಯೂ ಮಾತ್ರ ಸರಿ ಬಂದರೆ ವ್ಯೂಫೈಂಡರಿನ ಫೋಕಸ್ ವ್ಯವಸ್ಥೆಗೂ ಆ ಲೆನ್ಸಿಗೂ ಹೊಂದಿಕೆಯಾಗಿಲ್ಲ. ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾಗಳಲ್ಲಿ) ಅದನ್ನು ತಿದ್ದುವ ಮೆನು ಸಾಮಾನ್ಯವಾಗಿ ಇರುವುದಿಲ್ಲ, ಲೈವ್ ವ್ಯೂನಲ್ಲೇ ತೆಗೆಯಬೇಕು. ಕಣ್ಣು ಗುರುತಿಸುವ ಮಿರರ್‌ಲೆಸ್ ಬಾಡಿ ಇದ್ದವರಿಗೆ ಈ ಗೋಳಿನ ಬಹುಪಾಲು ಇಲ್ಲ.

ಸುಡುಬಿಸಿಲಿನಲ್ಲಿ ಎಫ್/1.8 ಬೇಡ. ಐಎಸ್‌ಒ 100ರಲ್ಲೂ 1/8000 ಸೆಕೆಂಡಿನ ಆಸುಪಾಸು ಶಟರ್ ಬೇಕು, ಆರಂಭಿಕ ಬಾಡಿಗಳು ಸಾಮಾನ್ಯವಾಗಿ 1/4000ಕ್ಕೇ ನಿಲ್ಲುತ್ತವೆ.

ಹಿನ್ನೆಲೆಯನ್ನು ಸಾಫ್ಟ್‌ವೇರಿನಿಂದ ಮಸುಕಾಗಿಸುವ ಫೋನಿನ ಪೋರ್ಟ್ರೇಟ್ ಮೋಡ್ ಸಾಲದೇ ಎಂದರೆ, ಕೆದರಿದ ಕೂದಲು, ಕನ್ನಡಕದ ಅಂಚು ಬಂದಲ್ಲಿ ಅದು ಕೆಲವೊಮ್ಮೆ ಕೈಕೊಡುತ್ತದೆ.

ನಾನು ತೆಗೆಯುವುದು ಹೆಚ್ಚಾಗಿ ಮನೆಯೊಳಗೆ, ಕಿಟಕಿ ಬೆಳಕಿನಲ್ಲಿ, ಗೋಡೆ ಬೆನ್ನಿಗೇ ಇರುವಂತೆ. ಅಲ್ಲಿ 50ಕ್ಕೆ ಸಾಟಿಯಿಲ್ಲ, ಅದರ ಮೇಲಿನ ದರ್ಜೆಯ ಲೆನ್ಸಿಗೆ ನನ್ನ ಕೈಯೂ ಎಟುಕದು. ಎರಡು ಲೆನ್ಸಿನ ಕಿಟ್ ಆಗಲೇ ಇದ್ದು ಬಯಲಿನಲ್ಲೇ ತೆಗೆಯುವವರು ಮಾತ್ರ ಮೊದಲು 250ಕ್ಕೆ ಝೂಮ್ ಮಾಡಿ, ಹಿನ್ನೆಲೆಯಿಂದ ಹತ್ತು ಮೀಟರ್ ಮುಂದೆ ಜನರನ್ನು ನಿಲ್ಲಿಸಿ ನೋಡಿ. ಹೊಸ ಲೆನ್ಸ್ ಬೇಕೆನಿಸದೆಯೂ ಇರಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಿ. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಸ್ವಂತ ಮೋಟಾರ್ ಇಲ್ಲದ ಹಳೆಯ 50 ಎಂಎಂ 1.8ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಒಳಗೇ ಮೋಟಾರ್ ಇರುವ ಎಎಫ್-ಎಸ್ 1.8ಜಿ ತೆಗೆದುಕೊಳ್ಳಿ. ಕ್ಯಾನನ್‌ನ ಹಳೆಯ 1.8 II ಲೆನ್ಸಿನಲ್ಲಿ ಅಪರ್ಚರ್ ಎಲೆ (ಕಿಂಡಿಯನ್ನು ಕಿರಿದಾಗಿಸುವ ತಗಡು) ಐದೇ, ಎಫ್/2.8ಕ್ಕೆ ಇಳಿಸಿದರೆ ಹಿನ್ನೆಲೆಯ ದೀಪಗಳು ಪಂಚಕೋನವಾಗುತ್ತವೆ. 2015ರಲ್ಲಿ ಬಂದ 50 ಎಂಎಂ 1.8 ಎಸ್‌ಟಿಎಂನಲ್ಲಿ ಏಳು ಎಲೆ, ಬಿಲ್ಲೆ ಹೆಚ್ಚುಕಡಿಮೆ ದುಂಡಗೇ ಉಳಿಯುತ್ತದೆ.