ತಾರಸಿಗೆ ಡೆಕ್ಕಿಂಗ್ ಹಾಕಿಸುವವರೇ, ದುರ್ಗದ ಬಿಸಿಲು ಗಾಳಿಯನ್ನು ಮೊದಲು ಲೆಕ್ಕಕ್ಕೆ ಹಿಡಿಯಿರಿ

ಚಿತ್ರದುರ್ಗ, ಚಳ್ಳಕೆರೆ, ದಾವಣಗೆರೆ ಕಡೆ ಹೊಸ ಮನೆ ಕಟ್ಟುವವರಲ್ಲಿ ಕೆಲವರು ಈಗ ತಾರಸಿಗೆ ಕಾಂಪೋಸಿಟ್ ಡೆಕ್ಕಿಂಗ್ ಹಾಕಿಸುತ್ತಿದ್ದಾರೆ. ಮರದ ಪುಡಿಯನ್ನು ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ ಅಚ್ಚಿನ ಮೂಲಕ ಒತ್ತಿ ತೆಗೆದ ಹಲಗೆಗಳಿವು. ನೋಡಲು ತೇಗದ ಹಾಗಿರುತ್ತವೆ, ಗೆದ್ದಲು ಹಿಡಿಯುವುದಿಲ್ಲ, ವರ್ಷವರ್ಷ ಪಾಲಿಶ್ ಹಾಕಬೇಕಿಲ್ಲ. ಇಷ್ಟು ನಿಜ. ಆದರೆ "ಒಮ್ಮೆ ಹಾಕಿಸಿ ಮರೆತುಬಿಡಿ" ಎಂಬ ಮಾರಾಟಗಾರರ ಮಾತನ್ನು ನಂಬಿ ಮುಂಗಡ ಕೊಡಬೇಡಿ. ನಮ್ಮ ಮನೆಯಲ್ಲಿ ಆ ಮಾತು ಒಂದು ಬೇಸಿಗೆಯನ್ನೂ ದಾಟಲಿಲ್ಲ. ಬೇಸಿಗೆಯಲ್ಲಿ ಹಲಗೆಗಳು ಉಬ್ಬಿದವು, ಆಷಾಢದಲ್ಲಿ ಅಂಚಿನ ಪಟ್ಟಿ ಕಿತ್ತು ಪಕ್ಕದ ಮನೆಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಸಮಾಧಾನ.

ನಮ್ಮ ಮನೆ ಜೋಗಿಮಟ್ಟಿ ಕಡೆಗೆ ತೆರೆದುಕೊಂಡಿದೆ. ಆ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಇಲ್ಲಿಯ ಗಾಳಿ ಎಂಥದ್ದು ಎಂಬುದಕ್ಕೆ ಸಾಕ್ಷಿ. ಬಿಸಿಲಿನ ಬಗ್ಗೆ ಊರಿನವರಿಗೆ ಹೇಳಬೇಕಾಗಿಲ್ಲ. ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಒಂಬತ್ತಕ್ಕೂ ಶಾಖ ಬಿಡುತ್ತಿರುತ್ತವೆ. ಇಷ್ಟೆಲ್ಲ ಗೊತ್ತಿದ್ದ ಸ್ಥಳೀಯ ಕೆಲಸಗಾರರೇ ಬಂದು ಹಾಕಿದರು. ಹಾಕಿದ್ದು ಡಿಸೆಂಬರಿನಲ್ಲಿ, ಚಳಿಯ ಬೆಳಗುಗಳಲ್ಲಿ. ಹಲಗೆಯ ತುದಿಗೆ ತುದಿ ಕೂಡಿಸಿ, ಎರಡೂ ಬದಿಯ ಪ್ಯಾರಪೆಟ್ ಗೋಡೆಗೆ ಒತ್ತಿಕೊಂಡು ಕೂರುವಂತೆ ಬಿಗಿದರು. ತುದಿಯಲ್ಲಿ ಸ್ವಲ್ಪವಾದರೂ ಜಾಗ ಬಿಡಬೇಕಲ್ಲವೇ ಎಂದು ನಾನು ಕೇಳಿದೆ. "ಸಂದು ಬಿಟ್ಟರೆ ಕಸ ತುಂಬುತ್ತದೆ ಮೇಡಂ, ಚೆನ್ನಾಗಿಯೂ ಕಾಣುವುದಿಲ್ಲ" ಎಂದರು ಮೇಸ್ತ್ರಿ. ಹಲಗೆಯ ಕಟ್ಟಿನೊಳಗೆ ತಯಾರಕರ ಇಂಗ್ಲಿಷ್ ಕರಪತ್ರವಿತ್ತು. ಅದರಲ್ಲಿ ಸಂದಿನ ಚಿತ್ರ ಬಿಡಿಸಿ, ಅಳತೆಯನ್ನೂ ಬರೆದಿದ್ದರು. ಆ ಕಾಗದವನ್ನು ಅವರು ಸ್ಕ್ರೂ ಹಾಕಿಡಲು ಹಾಸಿಕೊಂಡಿದ್ದರು.

ಈ ಸಂದಿನ ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ, ಏಕೆಂದರೆ ನಷ್ಟದ ಬಹುಪಾಲು ಇಲ್ಲಿಂದಲೇ ಶುರುವಾಯಿತು. ಮರ ತೇವ ಕುಡಿದಾಗ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಬಡಗಿ ಕೆಲಸ ಕಲಿತವರ ಕೈಗೆ ಅಭ್ಯಾಸವಾಗಿರುವುದು ಅದೇ. ಕಾಂಪೋಸಿಟ್ ಹಲಗೆಯಲ್ಲಿ ಪ್ಲಾಸ್ಟಿಕ್ ಇರುವುದರಿಂದ ಅದು ಶಾಖಕ್ಕೆ ಉದ್ದವಾಗುತ್ತದೆ. ಒಂದು ಮೀಟರ್ ಹಲಗೆ ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.04ರಿಂದ 0.05 ಮಿಲಿಮೀಟರ್ ಬೆಳೆಯುತ್ತದೆ ಎಂದು ಇಟ್ಟುಕೊಳ್ಳಿ. ತಯಾರಿಕೆಗೆ ತಕ್ಕಂತೆ ಇದು ಹೆಚ್ಚು ಕಡಿಮೆಯಾಗಬಹುದು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಈಗ ನಮ್ಮ ತಾರಸಿಯ ಲೆಕ್ಕ ನೋಡಿ. ಹಲಗೆಯ ಉದ್ದ 12 ಅಡಿ, ಅಂದರೆ 3.6 ಮೀಟರ್. ಡಿಸೆಂಬರಿನ ಬೆಳಿಗ್ಗೆ ಅದರ ಬಿಸಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲಿ 38 ಡಿಗ್ರಿ ಇದ್ದರೂ, ಬಿಸಿಲಿಗೆ ಬಿದ್ದ ಗಾಢ ಬಣ್ಣದ ಹಲಗೆಯ ಮೈ 60 ಡಿಗ್ರಿ ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ವ್ಯತ್ಯಾಸ 40 ಡಿಗ್ರಿ. ಒಂದೊಂದು ಹಲಗೆಯೂ ಆರೇಳು ಮಿಲಿಮೀಟರ್ ಬೆಳೆಯಿತು. ಸಾಲಿಗೆ ಎರಡು ಹಲಗೆಗಳಿದ್ದವು, ಎರಡೂ ತುದಿಯಲ್ಲಿ ಗೋಡೆ. ಹೆಚ್ಚುಕಡಿಮೆ ಒಂದೂಕಾಲು ಸೆಂಟಿಮೀಟರ್ ಹೋಗಲು ಜಾಗವೇ ಇರಲಿಲ್ಲ. ಅದು ಮೇಲಕ್ಕೇ ಏಳಬೇಕಾಯಿತು.

ಎದ್ದ ಬಗೆಯನ್ನು ಕಣ್ಣಾರೆ ಕಂಡೆ. ಎರಡು ಹಲಗೆಗಳು ಕೂಡುವಲ್ಲಿ ಮೊದಲು ಮೀನಿನ ಬೆನ್ನಿನಂತೆ ಒಂದು ಏರು ಕಾಣಿಸಿತು. ಅದರ ಮೇಲೆ ಕಾಲಿಟ್ಟರೆ ಕೆಳಗೆ ಟಕ್ ಎಂದು ಸದ್ದು. ಬಗ್ಗಿ ಇಣುಕಿದರೆ ಹಲಗೆಗಳ ನಡುವೆ ಕಾಣದಂತೆ ಕೂರಿಸಿದ್ದ ಕ್ಲಿಪ್ಪುಗಳು ಒಡೆದಿದ್ದವು. ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ ಎಂದು ಕೊಟೇಶನ್ನಿನಲ್ಲಿ ಬರೆದು, ಹಾಕಿದ್ದು ಕಪ್ಪು ಪ್ಲಾಸ್ಟಿಕ್ಕಿನವು. ಬಿಸಿಲಿಗೆ ಒಣಗಿ ಬಿರುಸಾದ ಅವು ಬೆರಳಲ್ಲಿ ಒತ್ತಿದರೆ ಮುರಿಯುತ್ತಿದ್ದವು. ಸಂಜೆ ತಣ್ಣಗಾದಾಗ ಹಲಗೆ ಮತ್ತೆ ಕುಗ್ಗುತ್ತಿತ್ತು, ಆದರೆ ಮೊದಲಿನ ಜಾಗಕ್ಕೆ ಬರುತ್ತಿರಲಿಲ್ಲ. ನಮ್ಮ ಅತ್ತೆ ಸಂಜೆ ತಾರಸಿಯ ಮೇಲೆ ನಡೆದಾಡುವವರು. ಆ ಏರಿಗೆ ಎಡವಿ ಕುಂಡದ ಅಂಚು ಹಿಡಿದುಕೊಂಡು ಸಾವರಿಸಿಕೊಂಡರು. ಅಂದಿನಿಂದ ಅವರನ್ನು ಮೇಲೆ ಹತ್ತಲು ಬಿಟ್ಟಿಲ್ಲ.

ಕಾಲು ಸುಡುವುದಂತೂ ಹೇಳತೀರದು. ಸಂಡಿಗೆ ಒಣಗಿಸಲು ತಾರಸಿಯನ್ನೇ ನೆಚ್ಚಿಕೊಂಡ ಊರು ನಮ್ಮದು. ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಚಪ್ಪಲಿ ಹಾಕಿಕೊಂಡು ನಡೆದು ಅಂಚಿನ ಸ್ಟೀಲ್ ಕಂಬಿ (ರೇಲಿಂಗ್) ಮುಟ್ಟಿದರೆ, ಬೇಸಿಗೆಯ ಒಣಹವೆಗೆ ಚುರುಕ್ಕೆಂದು ಸ್ಥಿರ ವಿದ್ಯುತ್ತಿನ ಸಣ್ಣ ಶಾಕ್ ಹೊಡೆಯುತ್ತದೆ. ಅಪಾಯವಿಲ್ಲ, ಆದರೆ ಮಕ್ಕಳು ಬೆಚ್ಚುತ್ತಾರೆ. ಬಣ್ಣ ಆರಿಸುವಾಗ ಕಾಫಿಪುಡಿ ಬಣ್ಣ, ಕಪ್ಪು ಬೂದಿ ಬಣ್ಣ ಎಷ್ಟೇ ಅಂದವಾಗಿ ಕಂಡರೂ ಬೇಡ. ತಿಳಿ ಬಣ್ಣವೂ ಕಾಯುತ್ತದೆ, ಆದರೆ ಅಷ್ಟು ಕಾಯುವುದಿಲ್ಲ. ಅಂಗಡಿಯಲ್ಲಿ ಒಂದು ಗೇಣುದ್ದದ ತುಂಡು ಕೇಳಿ ತನ್ನಿ, ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮದೇ ತಾರಸಿಯ ಮೇಲಿಟ್ಟು ಅಂಗೈ ಊರಿ ನೋಡಿ. ತುಂಡು ಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ.

ಅದೇ ತುಂಡಿನ ಕತ್ತರಿಸಿದ ತುದಿಯನ್ನೂ ಪರೀಕ್ಷಿಸಿ. ಸುತ್ತಲೂ ಬೇರೆ ಬಣ್ಣದ ತೆಳುವಾದ ಪದರ ಕಂಡರೆ ಅದು ಹೊದಿಕೆ ಇರುವ ಹಲಗೆ. ಬಿಸಿಲಿಗೆ ಬೇಗ ಬಿಳಿಚಿಕೊಳ್ಳುವುದಿಲ್ಲ, ಕಲೆ ಹೀರುವುದಿಲ್ಲ. ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ ಹೊದಿಕೆ ಇಲ್ಲ, ಅದು ನಮ್ಮ ಬಿಸಿಲಿಗೆ ಬಹುಬೇಗ ಮಾಸುತ್ತದೆ. ಇನ್ನೊಂದು ಮಾತು. ಅಡುಗೆಮನೆಯ ಕಪಾಟಿಗೆ, ಬಾಗಿಲ ಚೌಕಟ್ಟಿಗೆ ಮಾರುವ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆತ ಕಾಂಪೋಸಿಟ್) ಹಾಳೆಗಳಲ್ಲಿ ಬಹುತೇಕ ಪಿವಿಸಿ ನೊರೆಯವು. ಹೊರಾಂಗಣದ ಡೆಕ್ಕಿಂಗ್ ಹಲಗೆ ಸಾಮಾನ್ಯವಾಗಿ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು. ಎರಡಕ್ಕೂ ಅಂಗಡಿಯಲ್ಲಿ ಒಂದೇ ಹೆಸರು. ಪಿವಿಸಿ 80 ಡಿಗ್ರಿ ಸಮೀಪಿಸಿದರೆ ಮೆತ್ತಗಾಗುವ ವಸ್ತು. ಅದನ್ನು ತಾರಸಿಗೆ ಹಾಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನು ಗಾಳಿ. ಗಾಳಿ ಹಲಗೆಯನ್ನು ಮೇಲಿನಿಂದ ಒತ್ತುತ್ತದೆ ಎಂದುಕೊಂಡಿರುತ್ತೇವೆ. ಕಟ್ಟಡದ ಅಂಚಿಗೆ ಬಡಿದು ಮೇಲೇರುವ ಗಾಳಿ ತಾರಸಿಯ ಅಂಚು, ಮೂಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಕಟ್ಟಡಗಳ ಮೇಲಿನ ಗಾಳಿಯ ಒತ್ತಡದ ಭಾರತೀಯ ಮಾನಕ ಐಎಸ್ 875ರ 3ನೇ ಭಾಗದಲ್ಲಿ ಅಂಚು ಮೂಲೆಗಳಿಗೆ ಹೆಚ್ಚಿನ ಲೆಕ್ಕ ಹಿಡಿಯಬೇಕೆಂದು ಇರುವುದು ಇದಕ್ಕಾಗಿಯೇ. ಸಾಲದ್ದಕ್ಕೆ ಡೆಕ್ಕಿಂಗ್ ಕೆಳಗೆ ನಾಲ್ಕು ಬೆರಳು ಜಾಗ ಇರುತ್ತದೆ, ಅಲ್ಲಿಗೂ ಗಾಳಿ ನುಗ್ಗಿ ಕೆಳಗಿನಿಂದ ಎತ್ತುತ್ತದೆ. ನಮ್ಮಲ್ಲಿ ಕೆಳಗಿನ ಚೌಕಟ್ಟನ್ನು ಸ್ಲ್ಯಾಬಿಗೆ ಬಿಗಿದಿರಲಿಲ್ಲ. ಡ್ರಿಲ್ ಹೊಡೆದರೆ ವಾಟರ್‌ಪ್ರೂಫಿಂಗ್ ಹಾಳಾಗುತ್ತದೆ ಎಂದು ಸುಮ್ಮನೆ ಇಟ್ಟಿದ್ದರು. ಆ ಕಾರಣ ಸರಿಯೇ. ಆದರೆ ಬಿಗಿಯದಿದ್ದರೆ ಚೌಕಟ್ಟೆಲ್ಲ ಒಂದಕ್ಕೊಂದು ಸೇರಿ ಒಂದೇ ಜಾಲವಾಗಿರಬೇಕು, ಅಂಚುಗಳಲ್ಲಿ ಭಾರ ಹೇರಬೇಕು, ಅಥವಾ ಬದಿಯಿಂದ ಪ್ಯಾರಪೆಟ್ ಗೋಡೆಗೆ ಕಟ್ಟಬೇಕು. ಅವರು ಹಾಕಿದ್ದು ಬಿಡಿಬಿಡಿ ಕಾಂಪೋಸಿಟ್ ತೊಲೆಗಳನ್ನು, ಅವುಗಳ ನಡುವಿನ ಅಂತರವೂ ಒಂದೂವರೆ ಅಡಿ ದಾಟಿತ್ತು. ಇಂಥ ಹಲಗೆಗೆ ಒಂದಡಿ ಆಚೀಚೆ ತೊಲೆ ಬೇಕು, ಬಿಸಿ ಪ್ರದೇಶದಲ್ಲಿ ಇನ್ನೂ ಹತ್ತಿರ ಇದ್ದರೆ ಒಳ್ಳೆಯದು, ಏಕೆಂದರೆ ಕಾದ ಹಲಗೆ ಜೋಲುತ್ತದೆ. ಕಾಂಪೋಸಿಟ್ ತೊಲೆಗೆ ತನ್ನದೇ ಬಲ ಸಾಲದು, ಅದರ ಕೆಳಗೆ ಉದ್ದಕ್ಕೂ ಆಸರೆ ಬೇಕಾಗುತ್ತದೆ. ಅಲ್ಯೂಮಿನಿಯಂ ಸೆಕ್ಷನ್ ಅಥವಾ ಜಿಐ ಪೈಪ್ ಹಾಕಿಸಿ.

ಸ್ಟೀಲ್ ಕಂಬಿ ಇರುವ ಬದಿಯಲ್ಲಿ ಚೌಕಟ್ಟು ಕಾಣದಿರಲಿ ಎಂದು ಒಂದು ತೆಳು ಪಟ್ಟಿಯನ್ನು ನಿಲ್ಲಿಸಿ ಸ್ಕ್ರೂ ಹೊಡೆದಿದ್ದರು. ಸ್ಕ್ರೂಗೆ ರಂಧ್ರವನ್ನು ಮೊದಲೇ ದೊಡ್ಡದಾಗಿ ಕೊರೆದಿರಲಿಲ್ಲ. ಹಿಗ್ಗಿ ಕುಗ್ಗಿ, ಪ್ರತಿ ಸ್ಕ್ರೂ ಸುತ್ತಲೂ ಪಟ್ಟಿ ಸೀಳಿತ್ತು. ಆಷಾಢದ ಒಂದು ಮಧ್ಯಾಹ್ನ ಅದು ಉದ್ದಕ್ಕೆ ಕಿತ್ತುಕೊಂಡು ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಬಿತ್ತು. ಓಡಿ ಇಳಿದು ಹೋದೆ. "ಅಕ್ಕಾ, ಈಗ ತಾನೇ ಬಕೆಟ್ ಎತ್ತಿಕೊಂಡು ಒಳಗೆ ಹೋದೆ" ಎಂದು ಆ ಮನೆಯಾಕೆ ಹೇಳುವಾಗ ಧ್ವನಿ ನಡುಗುತ್ತಿತ್ತು. ಆ ಮಾತು ಕೇಳಿದ ಮೇಲೆ ಇದನ್ನು ಬರೆಯಲೇಬೇಕು ಎಂದು ನಿಶ್ಚಯಿಸಿದೆ.

ಧೂಳಿನದು ಇನ್ನೊಂದು ಕತೆ. ಗಾಳಿ ತಂದ ಕೆಮ್ಮಣ್ಣು ಹಲಗೆಯ ಸಂದುಗಳಿಂದ ಕೆಳಗಿಳಿದು ನೀರು ಹೋಗುವ ತೂತಿನ ಸುತ್ತ ಕೂತಿತು. ಮುಂಗಾರುಪೂರ್ವ ಮಳೆ ಬಿದ್ದಾಗ ವಾಟ ಸರಿಯಿದ್ದರೂ ನೀರು ನಿಂತಿತು, ಕೆಳಗಿನ ಕೋಣೆಯ ಸೂರಿನಲ್ಲಿ ತೇವದ ಗುರುತು ಬಂತು. ನೋಡೋಣವೆಂದರೆ ಹಲಗೆ ತೆಗೆಯಲು ದಾರಿಯೇ ಇಲ್ಲ. ನೀರಿನ ತೂತಿನ ಮೇಲೆ ಎತ್ತಿ ಇಡುವಂಥ ಮುಚ್ಚಳವನ್ನು ಮಾಡಿಸಿಕೊಳ್ಳಿ, ವರ್ಷಕ್ಕೆ ಎರಡು ಸಲವಾದರೂ ಕೆಳಗೆ ಗುಡಿಸಿ.

ದೂರು ಕೊಟ್ಟಾಗ ಅಂಗಡಿಯವರು ಹಾಕಿದವರ ತಪ್ಪು ಎಂದರು, ಹಾಕಿದವರು ಮಾಲು ಸರಿಯಿಲ್ಲ ಎಂದರು. ತಯಾರಕರ ಖಾತರಿ ಪತ್ರದಲ್ಲಿ, ಸೂಚನೆಯಂತೆ ಹಾಕದಿದ್ದರೆ ಖಾತರಿ ಅನ್ವಯಿಸುವುದಿಲ್ಲ ಎಂಬ ಸಾಲಿದೆ. ಮೂವರೂ ಕೈ ತೊಳೆದುಕೊಂಡರು. ಆದ್ದರಿಂದ ಮಾಲನ್ನೂ ಕೂಲಿಯನ್ನೂ ಒಬ್ಬರ ಕೈಯಿಂದಲೇ, ಒಂದೇ ಬಿಲ್ಲಿನಲ್ಲಿ, ಜಿಎಸ್‌ಟಿ ಸಮೇತ ಪಡೆಯಿರಿ. ಹಲಗೆಯ ತುದಿಯ ಸಂದು ಎಷ್ಟು, ಗೋಡೆಯಿಂದ ಅಂತರ ಎಷ್ಟು, ತೊಲೆಗಳ ನಡುವೆ ಎಷ್ಟು, ಕ್ಲಿಪ್ ಯಾವ ಲೋಹದ್ದು ಎಂಬುದನ್ನು ಕೊಟೇಶನ್ನಿನಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಕೆಲಸ ನಡೆಯುವಾಗ ಕೆಳಗಿನ ಚೌಕಟ್ಟಿನ ಫೋಟೊ ತೆಗೆದಿಡಿ, ಮುಚ್ಚಿದ ಮೇಲೆ ಸಾಕ್ಷಿ ಸಿಗುವುದಿಲ್ಲ. ನಾನು ತೆಗೆದಿಟ್ಟಿದ್ದ ಫೋಟೊಗಳೇ ಈಗ ನನ್ನ ಆಧಾರ. ನಿಮಗೂ ಹೀಗಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಈಗಾಗಲೇ ಹಾಕಿಸಿರುವವರು ಗೋಡೆಯ ಪಕ್ಕ ಹಲಗೆಯ ತುದಿಗೆ ನಾಣ್ಯ ತೂರಿಸಿ ನೋಡಿ. ತೂರದಿದ್ದರೆ ಶಿವರಾತ್ರಿಗೆ ಮೊದಲೇ ಆ ತುದಿಯನ್ನು ಕರಪತ್ರದಲ್ಲಿ ಹೇಳಿದಷ್ಟು ಕೊಯ್ಸಿ. ಅಷ್ಟು ಮಾಡಿದರೆ ಹಲಗೆ ಉಳಿಯುತ್ತದೆ. ಮೂಲೆಯ ಹಲಗೆಗಳನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆಯಿರಿ. ಅಲುಗಾಡಿದರೆ ಕ್ಲಿಪ್ ಹೋಗಿದೆ ಎಂದರ್ಥ. ಹೊಸ ಕ್ಲಿಪ್ ಬರುವವರೆಗೆ ಅವನ್ನು ಬಿಚ್ಚಿ ಕೆಳಗೆ ತಂದಿಡಿ. ಆಷಾಢದ ಗಾಳಿ ಶುರುವಾದ ಮೇಲೆ ಆ ಕೆಲಸಕ್ಕೆ ತಾರಸಿ ಹತ್ತಬೇಡಿ.