ಕುರಿಮರಿ ರೋಸ್ಟ್‌ಗೆ ಕೈಗೆಟುಕುವ ರೆಡ್ ವೈನ್ ಯಾವುದು?

ಓವನ್‌ನಲ್ಲಿ ಇಡಿಯಾಗಿ ಬೇಯಿಸಿದ ಕುರಿಮರಿಯ ತೊಡೆಗೆ ಫ್ರಾನ್ಸಿನ ಬೋರ್ಡೋ ಪ್ರದೇಶದ ದುಬಾರಿ ವೈನೇ ತಕ್ಕ ಜೋಡಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಳ್ಳುಳ್ಳಿ, ರೋಸ್ಮರಿ ಸಿಕ್ಕಿಸಿ ಬೇಯಿಸಿದ ಮಾಂಸದ ಜೊತೆ ಸಾಧಾರಣ ಬೆಲೆಯ ನಾಲ್ಕು ವೈನ್‌ಗಳನ್ನು ಅಕ್ಕಪಕ್ಕ ಇಟ್ಟು ಕುಡಿದು ನೋಡಿದ್ದೇನೆ: ಚಿಲಿಯ ಕ್ಯಾಬರ್ನೆ ಸೋವಿನ್ಯೋನ್, ಅರ್ಜೆಂಟೀನಾದ ಮಾಲ್ಬೆಕ್, ಫ್ರಾನ್ಸಿನ ಕೋಟ್ ದ್ಯು ರೋನ್, ಸ್ಪೇನಿನ ರಿಯೋಹಾ ಕ್ರಿಯಾಂಜಾ.

ಕುರಿಮಾಂಸಕ್ಕೆ ಅದರದೇ ಆದ ವಾಸನೆ ಬರುವುದು ಬಹುಪಾಲು ಕೊಬ್ಬಿನಿಂದ. ಆ ಕೊಬ್ಬು ಸ್ವಲ್ಪ ಆರಿದರೂ ಗಟ್ಟಿಯಾಗಿ ಅಂಗುಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ವೈನ್‌ನಲ್ಲಿ ಹುಳಿಯೂ ಬೇಕು, ಒಂದಿಷ್ಟು ಒಗರೂ ಬೇಕು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ರಸಭರಿತ ಮಾಂಸ ಜೊತೆಗಿದ್ದರೆ ಅದೇ ಒಗರು ಮೃದುವಾಗುತ್ತದೆ.

ಕ್ಯಾಬರ್ನೆಯಲ್ಲಿ ಇದು ಚೆನ್ನಾಗಿ ತಿಳಿಯಿತು. ಒಳಗೆ ಇನ್ನೂ ಗುಲಾಬಿ ಬಣ್ಣವಿದ್ದ ತುಂಡಿನ ಜೊತೆ ಅದು ಅದ್ಭುತವಾಗಿತ್ತು. ಅದರ ನೀಲಗಿರಿ ಎಲೆಯಂಥ ತಂಪು ಪರಿಮಳ ರೋಸ್ಮರಿಯೊಂದಿಗೆ ಸೊಗಸಾಗಿ ಕೂಡಿಕೊಂಡಿತು. ಆದರೆ ಅದೇ ತೊಡೆಯ ಹೊರಭಾಗದ, ಪೂರ್ತಿ ಬೆಂದು ರಸ ಆರಿದ ತುಂಡನ್ನು ತಿಂದು ಕುಡಿದರೆ ಬಾಯೆಲ್ಲ ಒಗರು. ಒಂದು ತೊಡೆಯಲ್ಲಿ ಎರಡೂ ಬಗೆಯ ತುಂಡುಗಳಿರುತ್ತವೆ, ಮೇಜಿನ ಸುತ್ತ ಎರಡನ್ನೂ ಬಯಸುವವರಿರುತ್ತಾರೆ. ಇಲ್ಲೇ ಕ್ಯಾಬರ್ನೆ ಹಿಂದೆ ಬಿತ್ತು.

ಮಾಲ್ಬೆಕ್ ಮೊದಲ ಗುಟುಕಿಗೇ ಎಲ್ಲರಿಗೂ ಇಷ್ಟವಾಗುತ್ತದೆ: ಗಾಢ ಬಣ್ಣ, ಮಾಗಿದ ಕಪ್ಪು ಹಣ್ಣಿನ ರುಚಿ, ನಯವಾದ ಟ್ಯಾನಿನ್. ಎರಡನೆಯ ಲೋಟದ ಹೊತ್ತಿಗೆ ಆ ಹಣ್ಣಿನ ರುಚಿ ಮಾಂಸವನ್ನೇ ಮುಚ್ಚಿಬಿಟ್ಟಿತು. ಹುಳಿ ಸಾಲದು.

ಕೋಟ್ ದ್ಯು ರೋನ್‌ನಲ್ಲಿ ಗ್ರೆನಾಶ್ ದ್ರಾಕ್ಷಿಯದೇ ಮೇಲುಗೈ. ಜೊತೆಗೆ ಸಿರಾ, ಮೂರ್ವೆದ್ರ್ ಇರುತ್ತವೆ. ಕಾಳುಮೆಣಸು, ಒಣಗಿದ ಗಿಡಮೂಲಿಕೆಗಳ ಘಮ ಈ ವೈನ್‌ನ ಹುಟ್ಟುಗುಣ. ಬೆಳ್ಳುಳ್ಳಿಯ ಪಕ್ಕದಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ತೊಡಕೆಂದರೆ ಬಾಟಲಿಯಿಂದ ಬಾಟಲಿಗೆ ಗುಣಮಟ್ಟ ಏರುಪೇರಾಗುತ್ತದೆ. ಲೇಬಲ್ ಮೇಲೆ ‘ವಿಲಾಜ್’ ಎಂದಿರುವುದನ್ನೇ ಆರಿಸಿ. ಅದಕ್ಕೆ ಬಳಸುವ ದ್ರಾಕ್ಷಿಯ ಇಳುವರಿಗೆ ಮಿತಿ ಇನ್ನೂ ಬಿಗಿಯಾಗಿದೆ, ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿರುವುದರಿಂದ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಂಪಾಗಿಸಿಯೇ ಬಡಿಸಬೇಕು. ಬೆಚ್ಚಗಾದರೆ ಗಂಟಲಲ್ಲಿ ಖಾರ ಹತ್ತುತ್ತದೆ.

ನನ್ನ ಮೊದಲ ಆಯ್ಕೆ ರಿಯೋಹಾ ಕ್ರಿಯಾಂಜಾ. ‘ಕ್ರಿಯಾಂಜಾ’ ಎಂದು ಬರೆಯಬೇಕಾದರೆ ಅಲ್ಲಿನ ರೆಡ್ ವೈನ್ ಕನಿಷ್ಠ 2 ವರ್ಷ ಮಾಗಿರಬೇಕು, ಅದರಲ್ಲಿ ಕನಿಷ್ಠ 1 ವರ್ಷ ಓಕ್ ಪೀಪಾಯಿಯಲ್ಲಿ ಕಳೆದಿರಬೇಕು. ಅಂದರೆ ಒಗರು ತಗ್ಗಲು ಬೇಕಾದ ಕಾಲವನ್ನು ತಯಾರಕರೇ ಕಾದಿರುತ್ತಾರೆ. ಕೊಂಡವರು ಅಂದೇ ತೆರೆಯಬಹುದು. ಈ ಬೆಲೆಯಲ್ಲಿ ಇಷ್ಟು ತಾಳ್ಮೆ ಸಿಗುವುದು ಅಪರೂಪ! ಟೆಂಪ್ರನಿಯೋ ದ್ರಾಕ್ಷಿಯ ಕೆಂಪು ಹಣ್ಣಿನ ರುಚಿ, ಪೀಪಾಯಿಯಿಂದ ಇಳಿದ ವೆನಿಲಾದ ಎಳೆ, ಕೊಬ್ಬನ್ನು ಕಡಿಯುವಷ್ಟು ಹದವಾದ ಹುಳಿ. ಗುಲಾಬಿ ತುಂಡಿಗೂ ಒಪ್ಪಿತು, ಪೂರ್ತಿ ಬೆಂದದ್ದಕ್ಕೂ ಒಪ್ಪಿತು. ಬರೀ ‘ರಿಯೋಹಾ’ ಎಂದಷ್ಟೇ ಇರುವ ಬಾಟಲಿಗೆ ಈ ನಿಯಮ ಅನ್ವಯಿಸುವುದಿಲ್ಲ, ಗಮನಿಸಿ.

ಎರಡು ಸಂದರ್ಭಗಳಲ್ಲಿ ಮಾತ್ರ ನಾನು ಬೇರೆ ಬಾಟಲಿ ತೆರೆಯುತ್ತೇನೆ. ತೊಡೆಯ ಬದಲು ಭುಜದ ಮಾಂಸವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ ಬಡಿಸುವುದಾದರೆ ಕೋಟ್ ದ್ಯು ರೋನ್. ಪಕ್ಕದಲ್ಲಿ ವಿನೆಗರ್, ಸಕ್ಕರೆ ಹಾಕಿದ ಪುದೀನ ಸಾಸ್ ಇದ್ದೇ ತೀರುತ್ತದೆ ಎಂದಾದರೆ ಮಾಲ್ಬೆಕ್. ಆ ಸಾಸ್‌ನ ಎದುರು ಉಳಿದ ಮೂರೂ ಸಪ್ಪೆಯಾದವು, ಇದರ ಹಣ್ಣಿನ ರುಚಿ ಮಾತ್ರ ನಿಂತಿತು.